ಸಂಬಳ 20ನೇ ತಾರೀಕಿಗೇ ಮುಗಿಯುತ್ತಿದೆಯಾ? ತಿಂಗಳ ಖರ್ಚು ಇಳಿಸಿ ದುಡ್ಡು ಉಳಿಸಲು ಹಂತ ಹಂತದ ಮಾರ್ಗದರ್ಶಿ

ಹೊಸದಾಗಿ ಸಂಸಾರ ಹೂಡಿದ ಮನೆಗಳಲ್ಲಿ ಉಳಿತಾಯ ಹೆಚ್ಚುಕಡಿಮೆ ಒಂದೇ ರೀತಿ ಶುರುವಾಗಿ ಒಂದೇ ರೀತಿ ನಿಲ್ಲುತ್ತದೆ. ಒಂದನೇ ತಾರೀಕು ಗಂಡ ಹೆಂಡತಿ ಕೂತು "ಈ ಸಲ ಖರ್ಚು ಕಡಿಮೆ ಮಾಡೋಣ" ಅಂದುಕೊಳ್ಳುತ್ತಾರೆ. ಹಣ್ಣು ತರುವುದು ನಿಲ್ಲುತ್ತದೆ. ಹಾಲಿನ ಪ್ಯಾಕೆಟ್ ಒಂದು ಕಡಿಮೆಯಾಗುತ್ತದೆ. ಭಾನುವಾರದ ಚಿಕನ್ ಹದಿನೈದು ದಿನಕ್ಕೊಮ್ಮೆ ಆಗುತ್ತದೆ. ಎರಡು ಮೂರು ತಿಂಗಳಲ್ಲಿ ನಾಲ್ಕೈದು ಸಾವಿರ ಸೇರುತ್ತದೆ. ಅಷ್ಟರಲ್ಲಿ ಸ್ಕೂಲ್ ಫೀಸಿನ ಕಾಲ ಬರುತ್ತದೆ. ಸೇರಿದ್ದೂ ಹೋಗಿ, ಮೇಲೆ ಬಳೆಯನ್ನೋ ಸರವನ್ನೋ ಅಡ ಇಡಬೇಕಾಗುತ್ತದೆ. "ನಮ್ಮ ಸಂಬಳದಲ್ಲಿ ಇದೆಲ್ಲ ಆಗೋ ಮಾತಲ್ಲ" ಅಂತ ಲೆಕ್ಕದ ಪುಸ್ತಕ ಮೂಲೆ ಸೇರುತ್ತದೆ.

ಇಲ್ಲಿ ಎಡವಟ್ಟು ಆಗಿರುವುದು ಕ್ರಮದಲ್ಲಿ. ಕೊನೆಗೆ ಮುಟ್ಟಬೇಕಾದ ಅಡುಗೆಮನೆಯನ್ನು ಮೊದಲು ಮುಟ್ಟಿರುತ್ತಾರೆ. ಮೊದಲು ಬರೆಯಬೇಕಾದ ವರ್ಷದ ಖರ್ಚನ್ನು ಬರೆದೇ ಇರುವುದಿಲ್ಲ. ಕೆಳಗಿನ ಹಂತಗಳನ್ನು ಇಲ್ಲಿರುವ ಕ್ರಮದಲ್ಲೇ ಮಾಡಿ. ಎಲ್ಲ ಮುಗಿಯಲು ಎರಡು ತಿಂಗಳು ಹಿಡಿಯುತ್ತದೆ. ಅವಸರ ಬೇಡ.

ಮೊದಲು ಕೈಗೆ ತಗೊಳ್ಳಬೇಕಾದ ಸಾಮಾನು

ಒಂದು ಉದ್ದದ ನೋಟ್‌ಬುಕ್, ಪೆನ್ನು. ಮೊಬೈಲ್ ಆ್ಯಪ್ ಬೇಕಾದರೆ ಬಳಸಿ, ಆದರೆ ಪುಸ್ತಕ ಅಡುಗೆಮನೆಯ ಶೆಲ್ಫಿನಲ್ಲಿ ಇದ್ದರೆ ಇಬ್ಬರ ಕಣ್ಣಿಗೂ ಬೀಳುತ್ತದೆ. ಗಂಡನ ಫೋನಿನೊಳಗಿನ ಲೆಕ್ಕ ಹೆಂಡತಿಗೆ ಕಾಣುವುದಿಲ್ಲ, ಹೆಂಡತಿಯ ಫೋನಿನದು ಗಂಡನಿಗೆ ಕಾಣುವುದಿಲ್ಲ.

ಇಬ್ಬರ ಬ್ಯಾಂಕ್ ಖಾತೆಗಳ ಕಳೆದ ಹನ್ನೆರಡು ತಿಂಗಳ ಸ್ಟೇಟ್‌ಮೆಂಟ್. ಮೊಬೈಲ್ ಬ್ಯಾಂಕಿಂಗ್‌ನಲ್ಲೇ ಸಿಗುತ್ತದೆ, ಇಲ್ಲದಿದ್ದರೆ ಪಾಸ್‌ಬುಕ್ ಎಂಟ್ರಿ ಮಾಡಿಸಿಕೊಂಡು ಬನ್ನಿ.

ಇನ್ನೊಂದು ಉಳಿತಾಯ ಖಾತೆ. ಇದಕ್ಕೆ ಯುಪಿಐ ಜೋಡಿಸಬೇಡಿ. ಇದರ ಎಟಿಎಂ ಕಾರ್ಡು ಬೀರುವಿನಲ್ಲಿರಲಿ, ಪರ್ಸಿನಲ್ಲಿ ಬೇಡ. ಯಾವಾಗಲೋ ತೆರೆದು ಮರೆತ ಖಾತೆ ಇದ್ದರೆ ಅದೇ ಸಾಕು. ಕನಿಷ್ಠ ಬ್ಯಾಲೆನ್ಸ್ ಎಷ್ಟಿರಬೇಕು ಅಂತ ಬ್ಯಾಂಕಿನಲ್ಲಿ ಕೇಳಿಕೊಳ್ಳಿ. ಕಡಿಮೆಯಾದರೆ ದಂಡ ಹಾಕುವ ಖಾತೆ ಈ ಕೆಲಸಕ್ಕೆ ಆಗುವುದಿಲ್ಲ.

ಹಂತ 1: ಒಂದು ತಿಂಗಳು ಏನನ್ನೂ ಕಡಿಮೆ ಮಾಡದೆ ಬರೆಯಿರಿ

ಮೊದಲ ತಿಂಗಳು ಬರೆಯುವುದಷ್ಟೇ ಕೆಲಸ. ಹೋಟೆಲಿಗೆ ಹೋಗಬೇಕು ಅನಿಸಿದರೆ ಹೋಗಿ, ಆದರೆ ಬರೆಯಿರಿ. ಕಡಿಮೆ ಮಾಡುತ್ತಾ ಬರೆದರೆ ನಿಮ್ಮ ಮನೆಯ ನಿಜವಾದ ಖರ್ಚು ಪುಸ್ತಕಕ್ಕೆ ಬರುವುದೇ ಇಲ್ಲ.

ರಾತ್ರಿ ಊಟ ಆದಮೇಲೆ ಐದು ನಿಮಿಷ ಸಾಕು. ಎಷ್ಟು ಅನ್ನುವುದರ ಜೊತೆಗೆ ಏನಕ್ಕೆ ಅಂತಲೂ ಬರೆಯಿರಿ. ಯುಪಿಐ ಸ್ಟೇಟ್‌ಮೆಂಟ್ ನೋಡಿ ತಿಂಗಳ ಕೊನೆಗೆ ಬರೆದರಾಯಿತು ಅಂತ ಬಿಟ್ಟವರು ಇಲ್ಲೇ ಸಿಕ್ಕಿಕೊಳ್ಳುತ್ತಾರೆ. ಅದರಲ್ಲಿ ಅಂಗಡಿಯವರ ಹೆಸರು ಬರುತ್ತದೆಯೇ ಹೊರತು ತಗೊಂಡ ಸಾಮಾನಿನ ಹೆಸರು ಬರುವುದಿಲ್ಲ. ಯಾವುದೋ ಹೆಸರಿನ ಮುಂದೆ 85 ರೂ. ಅಂತಿದ್ದರೆ ಅದು ಹಾಲೋ, ಟೀ ಬನ್ನೋ, ಮಗುವಿನ ಚಾಕೊಲೇಟೋ, ಮೂರು ವಾರ ಆದಮೇಲೆ ದೇವರಿಗೇ ಗೊತ್ತು.

ಅಪಾಯದ ಸೂಚನೆ: "ಇತರೆ" ಅಂತ ಬರೆದ ಮೊತ್ತ 2,000 ದಾಟಿದರೆ ಬರೆಯುವುದು ಸರಿಯಾಗಿ ಆಗಿಲ್ಲ. ಇನ್ನೂ ಹದಿನೈದು ದಿನ ಬರೆದು ಮುಂದಕ್ಕೆ ಹೋಗಿ.

ಲೆಕ್ಕ ಅರ್ಥವಾಗಲು ಒಂದು ಮನೆಯನ್ನು ಉದಾಹರಣೆಗೆ ಇಟ್ಟುಕೊಳ್ಳೋಣ. ಮೈಸೂರಿನ ಮನೆ: ಗಂಡನಿಗೆ ಹೂಟಗಳ್ಳಿ ಕಡೆ ಕಾರ್ಖಾನೆ ಕೆಲಸ, ಹೆಂಡತಿಗೆ ಸರಸ್ವತಿಪುರಂನಲ್ಲಿ ಲೆಕ್ಕ ಬರೆಯುವ ಕೆಲಸ, ಯುಕೆಜಿಯಲ್ಲಿರುವ ಒಂದು ಮಗು. ವಿಜಯನಗರ ನಾಲ್ಕನೇ ಹಂತದಲ್ಲಿ ಬಾಡಿಗೆ ಮನೆ. ಇಬ್ಬರದೂ ಸೇರಿ ಕೈಗೆ ಬರುವುದು 45,000 ರೂ. ಒಂದು ತಿಂಗಳು ಬರೆದ ಮೇಲೆ ಅವರ ಪುಸ್ತಕದಲ್ಲಿ ಹೀಗಿದೆ:

ಬಾಡಿಗೆ 11,000
ಬೈಕ್ ಇಎಂಐ 3,400
ಫೋನ್ ಇಎಂಐ 1,800
ದಿನಸಿ 6,000
ಹಾಲು 1,800
ತರಕಾರಿ, ಹಣ್ಣು 2,800
ಮಾಂಸ, ಮೊಟ್ಟೆ 1,600
ಗ್ಯಾಸ್, ಕರೆಂಟ್, ನೀರು 1,500
ಪೆಟ್ರೋಲ್ 2,600
ಮೊಬೈಲ್, ಇಂಟರ್ನೆಟ್, ಒಟಿಟಿ 1,700
ಹೊರಗಿನ ತಿಂಡಿ, ಊಟ 3,300
ಊರಿನಲ್ಲಿರುವ ಅಪ್ಪ ಅಮ್ಮನಿಗೆ 3,000
ಇತರೆ 2,000

ಒಟ್ಟು 42,500. ಅಂದರೆ 2,500 ರೂ. ಉಳಿಯಬೇಕು. ಆದರೆ ಉಳಿಯುವುದಿಲ್ಲ. ಯಾಕೆ ಅನ್ನುವುದು ಮುಂದಿನ ಹಂತದಲ್ಲಿದೆ. ಇಡೀ ಮಾರ್ಗದರ್ಶಿಯಲ್ಲಿ ಒಂದೇ ಹಂತ ಮಾಡುವಷ್ಟು ತಾಳ್ಮೆ ನಿಮಗಿದ್ದರೆ ಅದೊಂದನ್ನು ಮಾಡಿ.

ಹಂತ 2: ವರ್ಷದ ಖರ್ಚನ್ನು ಹನ್ನೆರಡರಿಂದ ಭಾಗಿಸಿ

ಪುಸ್ತಕದಲ್ಲಿ ಹೊಸ ಪುಟ ತೆಗೆದು ಜೂನ್‌ನಿಂದ ಮೇವರೆಗೆ ಹನ್ನೆರಡು ತಿಂಗಳ ಹೆಸರು ಬರೆಯಿರಿ. ಬ್ಯಾಂಕ್ ಸ್ಟೇಟ್‌ಮೆಂಟ್ ಪಕ್ಕದಲ್ಲಿಟ್ಟುಕೊಂಡು, ತಿಂಗಳು ತಿಂಗಳು ಬಾರದ ಖರ್ಚನ್ನೆಲ್ಲ ಆಯಾ ತಿಂಗಳ ಮುಂದೆ ತುಂಬಿ. ನಮ್ಮ ಉದಾಹರಣೆಯ ಮನೆಯಲ್ಲಿ ಸ್ಕೂಲ್ ಫೀಸು, ಪುಸ್ತಕ, ಯೂನಿಫಾರ್ಮ್ ಸೇರಿ 36,000. ಎಲ್‌ಐಸಿ 12,000. ಬೈಕಿನ ಇನ್ಶೂರೆನ್ಸ್ ಮತ್ತು ಸರ್ವಿಸ್ 5,000. ಯುಗಾದಿ, ವರಮಹಾಲಕ್ಷ್ಮಿ, ಗೌರಿ ಗಣೇಶ, ದಸರಾ, ಊರಹಬ್ಬ ಎಲ್ಲ ಸೇರಿ 18,000. ಮದುವೆ, ಗೃಹಪ್ರವೇಶದ ಮುಯ್ಯಿ ಮತ್ತು ಓಡಾಟ 9,000. ಡಾಕ್ಟರ್, ಔಷಧಿ 4,000.

ಒಟ್ಟು 84,000. ಹನ್ನೆರಡರಿಂದ ಭಾಗಿಸಿದರೆ ತಿಂಗಳಿಗೆ 7,000.

ಈಗ ನೋಡಿ. ತಿಂಗಳಿಗೆ 2,500 ಉಳಿಯುತ್ತಿದೆ ಅಂದುಕೊಂಡ ಮನೆಯಲ್ಲಿ ನಿಜವಾಗಿ ತಿಂಗಳಿಗೆ 4,500 ಸಾಲುತ್ತಿಲ್ಲ. ಕೈಸಾಲ, ಕ್ರೆಡಿಟ್ ಕಾರ್ಡು, ಒಡವೆ ಅಡ, ಎಲ್ಲವೂ ಈ 4,500 ತುಂಬಿಸಲು ಬಂದವು. ಹಾಲಿನ ಪ್ಯಾಕೆಟ್ ಕಡಿಮೆ ಮಾಡಿ ಇದನ್ನು ತುಂಬಿಸಲು ಆಗುವುದಿಲ್ಲ ಅಲ್ವಾ?

ಮುಯ್ಯಿಯನ್ನು ಬಿಟ್ಟುಬಿಡುವವರೇ ಜಾಸ್ತಿ. ಮಂಡ್ಯ, ಮದ್ದೂರು, ನಾಗಮಂಗಲ ಕಡೆ ಬೇರು ಇರುವ ಮನೆಯಾದರೆ ಇದನ್ನು ಬರೆಯದೆ ಇರಲೇಬೇಡಿ. ನಿಮ್ಮ ಮದುವೆಯಲ್ಲಿ ಮುಯ್ಯಿ ಬರೆದ ಪುಸ್ತಕ ಮನೆಯಲ್ಲಿ ಇದ್ದೇ ಇರುತ್ತದೆ. ಅದನ್ನು ತೆಗೆದು, ಈ ವರ್ಷ ಯಾರ ಮನೆಯಲ್ಲಿ ಶುಭಕಾರ್ಯ ಇದೆ ಅಂತ ಅಮ್ಮನನ್ನೋ ಅತ್ತೆಯನ್ನೋ ಕೇಳಿ. ಅವರ ಬಾಯಲ್ಲಿ ಪಟ್ಟಿ ರೆಡಿ ಇರುತ್ತದೆ. ಆಷಾಢದಲ್ಲಿ ಮದುವೆ ಇರುವುದಿಲ್ಲ, ಬೇಸಿಗೆ ರಜೆಯಲ್ಲಿ ಒಂದರ ಮೇಲೊಂದು ಬರುತ್ತವೆ. ಫೀಸು ಕಟ್ಟಬೇಕಾದ ಹೊತ್ತಿಗೇ ಮುಯ್ಯಿಯೂ ಬೀಳುತ್ತದೆ ಅನ್ನುವುದು ಈ ಪುಟದಲ್ಲಿ ಕಣ್ಣಿಗೆ ಹೊಡೆದ ಹಾಗೆ ಕಾಣುತ್ತದೆ.

ವರ್ಷದ ಮಧ್ಯದಲ್ಲಿ ಶುರು ಮಾಡುವವರು ಇನ್ನೊಂದು ಲೆಕ್ಕ ಹಾಕಬೇಕು. ಜನವರಿಯಲ್ಲಿ ಶುರು ಮಾಡಿದರೆ ಮೇ ಹೊತ್ತಿಗೆ ಫೀಸಿಗೆ ಸೇರುವುದು 3,000ದಂತೆ ಐದು ಕಂತು, 15,000 ಮಾತ್ರ. ಉಳಿದ 21,000ಕ್ಕೆ ಏನು ದಾರಿ ಅಂತ ಜನವರಿಯಲ್ಲೇ ಯೋಚಿಸಿ. ಬಹಳಷ್ಟು ಶಾಲೆಗಳು ಎರಡು ಮೂರು ಕಂತಿನಲ್ಲಿ ಕಟ್ಟಲು ಬಿಡುತ್ತವೆ, ಆದರೆ ಮೊದಲೇ ಹೋಗಿ ಕೇಳಬೇಕು. ಮೊದಲ ವರ್ಷ ಹೀಗೆ ಬಿಗಿಯಾಗಿಯೇ ಇರುತ್ತದೆ. ಎರಡನೇ ವರ್ಷದಿಂದ ಉಸಿರಾಡಲು ಆಗುತ್ತದೆ.

ಹಂತ 3: ಸಾಲಗಳನ್ನು ಬಡ್ಡಿಯ ಪ್ರಕಾರ ಸಾಲಾಗಿ ನಿಲ್ಲಿಸಿ

ಬಡ್ಡಿ ಜಾಸ್ತಿ ಇರುವ ಸಾಲ ಮೇಲೆ, ಕಡಿಮೆ ಇರುವುದು ಕೆಳಗೆ. ಎಷ್ಟು ದೊಡ್ಡ ಸಾಲ ಅನ್ನುವುದನ್ನು ಈಗ ನೋಡಬೇಡಿ.

"ನೂರಕ್ಕೆ ಮೂರು" ಅಂತ ಕೈಸಾಲ ತಂದಿದ್ದರೆ ಅದು ತಿಂಗಳ ಲೆಕ್ಕ. ವರ್ಷಕ್ಕೆ ನೂರಕ್ಕೆ 36. ಕೇಳುವಾಗ ಮೂರು ರೂಪಾಯಿ ಚಿಕ್ಕದಾಗಿ ಕೇಳಿಸುತ್ತದೆ. 50,000 ತಂದರೆ ವರ್ಷಕ್ಕೆ 18,000 ಬಡ್ಡಿಗೇ ಹೋಗುತ್ತದೆ, ಅಸಲು ಹಾಗೇ ಇರುತ್ತದೆ. ಕ್ರೆಡಿಟ್ ಕಾರ್ಡಿನ ಬಾಕಿಯೂ ಇದೇ ಜಾತಿ. ತಿಂಗಳಿಗೆ ಶೇ. 3.5 ಬಡ್ಡಿ ಅಂದರೆ 30,000 ಬಾಕಿಗೆ ಸಾವಿರದ ಮೇಲೆ ಬಡ್ಡಿ, ಆ ಬಡ್ಡಿಯ ಮೇಲೆ ಜಿಎಸ್‌ಟಿ ಬೇರೆ. ಬಿಲ್ಲಿನಲ್ಲಿ "ಕನಿಷ್ಠ ಮೊತ್ತ" ಅಂತ ಇರುವುದನ್ನು ಕಟ್ಟಿದರೆ ದಂಡ ತಪ್ಪುತ್ತದೆ, ಬಡ್ಡಿ ತಪ್ಪುವುದಿಲ್ಲ.

ಇಂಥ ಸಾಲ ಇರುವಾಗ ಆರ್‌ಡಿ (ತಿಂಗಳು ತಿಂಗಳು ಕಟ್ಟುವ ಠೇವಣಿ) ಕಟ್ಟುವುದರಲ್ಲಿ ಅರ್ಥವಿಲ್ಲ. ಉಳಿತಾಯಕ್ಕೆ ಅಂತ ಸಿಗುವ ಪ್ರತಿ ರೂಪಾಯಿಯೂ ಮೊದಲು ಇದಕ್ಕೆ ಹೋಗಲಿ. ಮನೆಯಲ್ಲಿ ಒಡವೆ ಇದ್ದರೆ ಬ್ಯಾಂಕಿನಲ್ಲಿ ಚಿನ್ನದ ಸಾಲ ತೆಗೆದು ಕೈಸಾಲ ತೀರಿಸುವುದು ಲೆಕ್ಕದ ಪ್ರಕಾರ ಸರಿ. ಚಿನ್ನದ ಸಾಲದ ಬಡ್ಡಿ ಇದರ ಅರ್ಧಕ್ಕೂ ಕೆಳಗೆ ಸಿಗುತ್ತದೆ. ಆದರೆ ಅವಧಿ ಮುಗಿಯುವ ತಾರೀಕನ್ನು ಪುಸ್ತಕದ ಮೊದಲ ಪುಟದಲ್ಲೇ ಬರೆಯಿರಿ. ಬಡ್ಡಿ ಕಟ್ಟಿ ರಿನ್ಯೂ ಮಾಡಿಸದಿದ್ದರೆ ಒಡವೆ ಹರಾಜಿಗೆ ಹೋಗುತ್ತದೆ.

ನಮ್ಮ ಉದಾಹರಣೆಯ ಮನೆಯಲ್ಲಿ ಫೋನಿನ ಕಂತು ಇನ್ನೂ ಐದು ತಿಂಗಳಿದೆ. ಅದು ಮುಗಿದ ತಿಂಗಳೇ ಆ 1,800 ಎರಡನೇ ಖಾತೆಗೆ ಹೋಗಬೇಕು ಅಂತ ಇವತ್ತೇ ಬರೆದಿಡಿ. ಒಂದು ಕಂತು ಮುಗಿಯುತ್ತಿದ್ದ ಹಾಗೆ ಇನ್ನೊಂದು ಕಂತಿಗೆ ಸಾಮಾನು ತರುವುದು ಬಹಳ ಮನೆಗಳನ್ನು ಇದ್ದಲ್ಲೇ ನಿಲ್ಲಿಸಿದೆ. ಬಡ್ಡಿಯಿಲ್ಲದ ಕಂತು ಅಂದರೂ ಪ್ರೊಸೆಸಿಂಗ್ ಚಾರ್ಜ್ ಇರುತ್ತದೆ. ಪೂರ್ತಿ ಕಾಸು ಕೊಟ್ಟರೆ ಸಿಗುವ ರಿಯಾಯಿತಿಯೂ ಕೈತಪ್ಪುತ್ತದೆ.

ಹಂತ 4: ಕೇಳದೆ ಕಟ್ ಆಗುವ ದುಡ್ಡನ್ನು ಹುಡುಕಿ

ಇದು ಸುಲಭದ ಹಂತ, ಒಂದು ಭಾನುವಾರ ಬೆಳಗ್ಗೆ ಮುಗಿಯುತ್ತದೆ. ಯುಪಿಐ ಆ್ಯಪಿನಲ್ಲಿ ಆಟೋಪೇ ಅನ್ನುವ ಜಾಗ ಇದೆ. ಅದನ್ನು ತೆರೆದರೆ ಯಾವ ಯಾವ ಆ್ಯಪಿಗೆ ತಾನಾಗಿ ದುಡ್ಡು ಹೋಗುತ್ತಿದೆ ಅಂತ ಪಟ್ಟಿ ಸಿಗುತ್ತದೆ. ನೋಡದೆ ಇರುವುದನ್ನು ಅಲ್ಲೇ ರದ್ದು ಮಾಡಬಹುದು. ಫೋನಿನಿಂದ ಆ್ಯಪ್ ತೆಗೆದುಹಾಕಿದರೆ ಕಂತು ನಿಲ್ಲುತ್ತದೆ ಅಂದುಕೊಂಡವರು ಬಹಳ ಜನ. ನಿಲ್ಲುವುದಿಲ್ಲ.

ಮೊಬೈಲ್ ರೀಚಾರ್ಜ್ ನೋಡಿ. ಮನೆಯಲ್ಲಿ ವೈಫೈ ಇದ್ದು, ಇಬ್ಬರ ಫೋನಿನಲ್ಲೂ ದಿನಕ್ಕೆ ಎರಡು ಜಿಬಿ ಪ್ಲಾನ್ ಇದ್ದರೆ ಎರಡು ಕಡೆ ದುಡ್ಡು ಕಟ್ಟುತ್ತಿದ್ದೀರಿ. ಒಂದನ್ನು ಇಳಿಸಿ. ಈ ಸಾಲಿನಲ್ಲಿ 1,700 ಇದ್ದದ್ದು 1,000ಕ್ಕೆ ಬರುತ್ತದೆ, ಊಟದ ತಟ್ಟೆಯನ್ನು ಮುಟ್ಟದೆ.

ಸ್ಟೇಟ್‌ಮೆಂಟಿನಲ್ಲಿ ವರ್ಷಕ್ಕೊಮ್ಮೆ 436 ಮತ್ತು 20 ರೂ. ಕಟ್ ಆಗಿರುವುದು ಕಂಡರೆ ಅದನ್ನು ನಿಲ್ಲಿಸಬೇಡಿ. ಅವು ಜೀವನ್ ಜ್ಯೋತಿ ಮತ್ತು ಸುರಕ್ಷಾ ಬಿಮಾ ಯೋಜನೆಯ ಕಂತು, ಒಂದೊಂದಕ್ಕೂ 2 ಲಕ್ಷದವರೆಗೆ ವಿಮೆ. ಇಲ್ಲದಿದ್ದರೆ ಬ್ಯಾಂಕಿನಲ್ಲಿ ಕೇಳಿ ಮಾಡಿಸಿಕೊಳ್ಳಿ. ಮೇ ಕೊನೆಯ ಹೊತ್ತಿಗೆ ಖಾತೆಯಲ್ಲಿ ಅಷ್ಟು ದುಡ್ಡು ಇಲ್ಲದಿದ್ದರೆ ವಿಮೆ ನಿಂತುಹೋಗುತ್ತದೆ. ಚಿಕ್ಕ ಮಕ್ಕಳಿರುವ ಮನೆಗೆ ಇದು ಬೇಕೇ ಬೇಕು.

ಹಂತ 5: ಈಗ ಅಡುಗೆಮನೆ, ಆದರೆ ತಟ್ಟೆಯಿಂದಲ್ಲ

ಅಡುಗೆಮನೆಯಲ್ಲಿ ಮೊದಲು ನೋಡಬೇಕಾದದ್ದು ಎಸೆಯುವುದನ್ನು. ಶನಿವಾರ ರಾತ್ರಿ ಫ್ರಿಜ್ಜಿನ ಕೆಳಗಿನ ತರಕಾರಿ ಡಬ್ಬ ಹೊರಗೆ ತೆಗೆದು ನೋಡಿ. ಸುಕ್ಕುಗಟ್ಟಿದ ಹುರುಳಿಕಾಯಿ, ಪ್ಲಾಸ್ಟಿಕ್ ಕವರಿನೊಳಗೆ ನೀರು ಬಿಟ್ಟುಕೊಂಡ ಕೊತ್ತಂಬರಿ ಸೊಪ್ಪು, ಅರ್ಧ ಹೆಚ್ಚಿಟ್ಟು ಅಂಚು ಕಪ್ಪಾದ ಎಲೆಕೋಸು, ಮೊಳಕೆ ಬಂದ ಆಲೂಗಡ್ಡೆ. ಎಸೆಯುವ ಮುಂಚೆ ಒಂದೊಂದರ ಬೆಲೆ ಬರೆಯಿರಿ. ವಾರಕ್ಕೆ 100ರಿಂದ 150 ರೂ. ಹೀಗೆ ಹೋಗುತ್ತಿದ್ದರೆ ತಿಂಗಳಿಗೆ ಸುಮಾರು 500. ತಿನ್ನುವುದನ್ನು ಒಂದು ತುತ್ತೂ ಕಡಿಮೆ ಮಾಡದೆ ಸಿಗುವ ಉಳಿತಾಯ ಇದು.

ದಾರಿ ಸರಳ. ಭಾನುವಾರ ಮುಂದಿನ ವಾರದ ತಿಂಡಿ ಮತ್ತು ಸಾರು ಬರೆದು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿ. ಸೊಪ್ಪು ತಂದ ದಿನ ಮತ್ತು ಮಾರನೇ ದಿನವೇ ಸೊಪ್ಪಿನ ಸಾರು, ಬಸ್ಸಾರು. ಬದನೆ, ಹುರುಳಿಕಾಯಿ ವಾರದ ನಡುವೆ. ಕುಂಬಳ, ಗೆಡ್ಡೆಕೋಸು, ಕಾಳು ವಾರದ ಕೊನೆಗೆ. ಬೇಗ ಕೆಡುವುದು ಮೊದಲು, ಅಷ್ಟೇ. ಟೊಮೆಟೊ ಬೆಲೆ ಏರಿದ ವಾರ ಹುಣಸೆಹಣ್ಣಿನ ಸಾರು ಮಾಡಿ. ಅವರೆಕಾಯಿ ಕಾಲದಲ್ಲಿ ಅದನ್ನೇ ಜಾಸ್ತಿ ತನ್ನಿ. ಕಾಲಕ್ಕೆ ಬಂದ ತರಕಾರಿ ಅಗ್ಗವೂ ಹೌದು, ರುಚಿಯೂ ಹೌದು.

ತರಕಾರಿಗೆ ಎಂ.ಜಿ. ರಸ್ತೆ ಮಾರುಕಟ್ಟೆಗೋ ದೇವರಾಜ ಮಾರುಕಟ್ಟೆಗೋ ವಾರಕ್ಕೊಮ್ಮೆ ಹೋಗುವುದು ಒಳ್ಳೆಯದೇ, ಬೇರೆ ಕೆಲಸಕ್ಕೆ ಆ ಕಡೆ ಹೋಗುವಾಗ ಹೋದರೆ. ಎರಡು ಕೆಜಿ ಈರುಳ್ಳಿಗೆ ಬೋಗಾದಿಯಿಂದ ಬೈಕಿನಲ್ಲಿ ಹೋಗಿಬಂದರೆ ಉಳಿದದ್ದು ಪೆಟ್ರೋಲಿಗೆ ಸರಿಹೋಗುತ್ತದೆ.

ದಿನಸಿಯನ್ನು ತಿಂಗಳಿಗೆ ಒಂದೇ ಸಲ ಚೀಟಿ ಬರೆದು ತನ್ನಿ. ಚೀಟಿ ಬರೆಯುವ ಮುಂಚೆ ಡಬ್ಬಗಳನ್ನೆಲ್ಲ ತೆರೆದು ನೋಡಿ. ಸೂಪರ್ ಮಾರ್ಕೆಟ್ಟಿಗೆ ವಾರವಾರ ಹೋದರೆ ಚೀಟಿಯಲ್ಲಿ ಇಲ್ಲದ ಬಿಸ್ಕತ್ತು, ನೂಡಲ್ಸು, ಫ್ಲೋರ್ ಕ್ಲೀನರ್ ಗಾಡಿಗೆ ಬಂದು ಕೂರುತ್ತವೆ. ಅಕ್ಕಿ, ತೊಗರಿಬೇಳೆ, ಎಣ್ಣೆ, ಸಕ್ಕರೆಯನ್ನು ಅಕ್ಕಪಕ್ಕದ ಎರಡು ಮೂರು ಮನೆಯವರು ಸೇರಿ ಸಂತೆಪೇಟೆಯ ಹೋಲ್‌ಸೇಲ್ ಅಂಗಡಿಯಲ್ಲಿ ತಂದು ಹಂಚಿಕೊಂಡರೆ ವ್ಯತ್ಯಾಸ ಕಾಣುತ್ತದೆ. ರವೆ, ಮೈದಾ, ಕಡ್ಲೆಹಿಟ್ಟು ಮಾತ್ರ ಜಾಸ್ತಿ ತರಬೇಡಿ, ಮಳೆಗಾಲದಲ್ಲಿ ಹುಳ ಬೀಳುತ್ತದೆ. ಊರಿನಿಂದ ರಾಗಿ ಬರುತ್ತಿದ್ದರೆ ಮಿಲ್ಲಿನಲ್ಲಿ ಬೀಸಿಸಿ. ಪ್ಯಾಕೆಟ್ ರಾಗಿಹಿಟ್ಟು ಯಾಕೆ? ದೋಸೆ ಹಿಟ್ಟಿನ ಪ್ಯಾಕೆಟ್, ಪ್ಯಾಕೆಟ್ ಮೊಸರು, ಶುಂಠಿ ಬೆಳ್ಳುಳ್ಳಿ ಪೇಸ್ಟ್, ಈ ಮೂರನ್ನು ಮನೆಯಲ್ಲೇ ಮಾಡಿಕೊಂಡರೆ ಸಣ್ಣ ಮನೆಯಲ್ಲೂ ತಿಂಗಳಿಗೆ ಕೆಲವು ನೂರು ಉಳಿಯುತ್ತದೆ. ಉದಾಹರಣೆಯ ಮನೆಯಲ್ಲಿ ದಿನಸಿ 6,000ದಿಂದ 5,100ಕ್ಕೆ, ತರಕಾರಿ ಹಣ್ಣು 2,800ರಿಂದ 2,300ಕ್ಕೆ ಇಳಿಯಿತು.

ಹೊರಗಿನ ತಿಂಡಿ 3,300 ಇದ್ದದ್ದು 1,500ಕ್ಕೆ ಬಂತು. ಪೂರ್ತಿ ನಿಲ್ಲಿಸಬೇಡಿ, ಪೂರ್ತಿ ನಿಲ್ಲಿಸಿದ ಮನೆಯಲ್ಲಿ ಎರಡನೇ ತಿಂಗಳು ಎರಡರಷ್ಟು ಖರ್ಚಾಗುತ್ತದೆ. ಯಾವ ದಿನ ಆರ್ಡರ್ ಮಾಡುತ್ತೀರಿ ಅಂತ ಪುಸ್ತಕದಲ್ಲಿ ನೋಡಿ. ಬಹಳ ಮನೆಗಳಲ್ಲಿ ಅದು ಇಬ್ಬರೂ ಕೆಲಸದಿಂದ ಸುಸ್ತಾಗಿ ಬಂದ ದಿನ. ಆ ದಿನಕ್ಕೆ ಅಂತಲೇ ಹಿಂದಿನ ರಾತ್ರಿ ಹಿಟ್ಟು ರುಬ್ಬಿಟ್ಟಿರಿ, ಇಲ್ಲವೇ ಅವಲಕ್ಕಿ ಒಗ್ಗರಣೆಗೆ ಸಾಮಾನು ಇಟ್ಟಿರಿ. ವಾರಾಂತ್ಯದಲ್ಲಿ ಒಂದು ದಿನ ಎಲ್ಲರೂ ಹೋಗಿ ಮಸಾಲೆ ದೋಸೆ ತಿಂದು ಬನ್ನಿ.

ಮಗುವಿನ ಹಾಲು, ಮೊಟ್ಟೆ, ಹಣ್ಣು ಮುಟ್ಟಬೇಡಿ. ಬಸುರಿ, ಬಾಣಂತಿ ಇರುವ ಮನೆಯಲ್ಲಿ ಅವರ ಊಟವನ್ನೂ ಮುಟ್ಟಬೇಡಿ. ಇದನ್ನು ಎಷ್ಟು ಸಲ ಹೇಳಿದರೂ ಸಾಲದು. ಉದಾಹರಣೆಯ ಮನೆಯಲ್ಲಿ ಹಾಲು, ಮಾಂಸ, ಮೊಟ್ಟೆಯ ಸಾಲು ಹಾಗೇ ಇದೆ, ಗಮನಿಸಿ.

ಹಂತ 6: ಕರೆಂಟ್, ಪೆಟ್ರೋಲ್, ಔಷಧಿ

ಗೃಹಜ್ಯೋತಿ ಇದ್ದರೂ ಬಿಲ್ ಬರುತ್ತಿದೆ ಅನ್ನುವವರು ಸೆಸ್ಕ್ (ಮೈಸೂರು ಕಡೆಯ ವಿದ್ಯುತ್ ಕಂಪನಿ) ಬಿಲ್ಲನ್ನು ಸರಿಯಾಗಿ ಓದಿ. 200 ಯೂನಿಟ್ ಎಲ್ಲರಿಗೂ ಉಚಿತ ಅಂತ ತಿಳಿದಿರುವುದೇ ಗೊಂದಲಕ್ಕೆ ಕಾರಣ. 2022-23ರಲ್ಲಿ ಆ ಮೀಟರಿನ ತಿಂಗಳ ಸರಾಸರಿ ಬಳಕೆ ಎಷ್ಟಿತ್ತೋ ಅದರ ಮೇಲೆ ಶೇ. 10 ಸೇರಿಸಿದಷ್ಟು ಉಚಿತ. ಸರಾಸರಿ ತೀರಾ ಕಡಿಮೆ ಇದ್ದ ಮನೆಗಳಿಗೆ ಆಮೇಲೆ ಶೇ. 10ರ ಬದಲು 10 ಯೂನಿಟ್ ಮಾಡಿದರು. ಆ ಮಿತಿ ದಾಟಿದರೆ ದಾಟಿದಷ್ಟಕ್ಕೆ ಕಟ್ಟಬೇಕು. 200 ದಾಟಿದರೆ ಇಡೀ ಬಿಲ್ ಕಟ್ಟಬೇಕು. ಆದ್ದರಿಂದ 190ರ ಹತ್ತಿರ ಇರುವ ಮನೆಯವರು ತಿಂಗಳ ಮಧ್ಯದಲ್ಲಿ ಒಮ್ಮೆ ಮೀಟರ್ ನೋಡಿಕೊಳ್ಳಿ. ಮನೆ ಬದಲಾಯಿಸಿದರೆ ಸೇವಾ ಸಿಂಧುವಿನಲ್ಲಿ ಹಳೆಯ ಮನೆಯ ಜೋಡಣೆ ತೆಗೆಸಿ ಹೊಸ ಮನೆಗೆ ಅರ್ಜಿ ಹಾಕಬೇಕು.

ಬಳಕೆ ಇಳಿಸಲು ಮೊದಲು ಗೀಸರ್ ನೋಡಿ. 2,000 ವ್ಯಾಟಿನ ಗೀಸರ್ ಅರ್ಧ ಗಂಟೆ ಉರಿದರೆ ಒಂದು ಯೂನಿಟ್. ಬೆಳಗ್ಗೆ ಆನ್ ಮಾಡಿ ಮರೆತು ಒಂದೂವರೆ ಗಂಟೆ ಬಿಟ್ಟರೆ ಒಳಗಿನ ಥರ್ಮೋಸ್ಟಾಟ್ ಮತ್ತೆ ಮತ್ತೆ ಕಾಯಿಸುತ್ತಲೇ ಇರುತ್ತದೆ. ಎಲ್ಲರೂ ಒಬ್ಬರ ಹಿಂದೆ ಒಬ್ಬರು ಸ್ನಾನ ಮುಗಿಸಿ ಸ್ವಿಚ್ ಆಫ್ ಮಾಡಿದರೆ ಸಾಕು.

ಹೆಂಡತಿ ಕೆಲಸಕ್ಕೆ ಹೋಗುವುದು ಸಿಟಿ ಬಸ್ಸಿನ ದಾರಿಯಲ್ಲಾದರೆ ಶಕ್ತಿ ಯೋಜನೆಯಲ್ಲಿ ಸಾಮಾನ್ಯ ಬಸ್ ಪ್ರಯಾಣ ಉಚಿತ. ಆಧಾರ್ ಕಾರ್ಡು ಜೊತೆಗಿರಲಿ. ಬೈಕಿನಲ್ಲಿ ದಿನಾ ಬಿಟ್ಟು ಬರುವ ಸುತ್ತು ತಪ್ಪಿದ್ದರಿಂದಲೇ ಉದಾಹರಣೆಯ ಮನೆಯಲ್ಲಿ ಪೆಟ್ರೋಲ್ 700 ಕಡಿಮೆಯಾಯಿತು. ಮಂಡ್ಯದಿಂದ ಮೈಸೂರಿಗೆ ದಿನಾ ಓಡಾಡುವವರು ರೈಲಿನ ಸೀಸನ್ ಟಿಕೆಟ್ ಬೆಲೆಯನ್ನು ಒಮ್ಮೆ ಸ್ಟೇಷನ್ನಿನಲ್ಲಿ ಕೇಳಿ, ಪೆಟ್ರೋಲ್ ಖರ್ಚಿನ ಪಕ್ಕ ಇಟ್ಟು ನೋಡಲಿ.

ಬಿಪಿ, ಶುಗರಿನಂಥ ದಿನಾ ನುಂಗುವ ಮಾತ್ರೆಗಳಿದ್ದರೆ ಡಾಕ್ಟರನ್ನು ಕೇಳಿ ಜನೌಷಧಿ ಕೇಂದ್ರದಲ್ಲಿ ತಗೊಳ್ಳಿ. ತಿಂಗಳ ಸಂಬಳ 21,000ದ ಒಳಗಿದ್ದು ಇಎಸ್‌ಐ (ಕಾರ್ಮಿಕರ ವಿಮೆ) ಕಟ್ ಆಗುತ್ತಿದ್ದರೆ ಕುಟುಂಬದವರಿಗೂ ಇಎಸ್‌ಐ ಆಸ್ಪತ್ರೆಯಲ್ಲಿ ಚಿಕಿತ್ಸೆ ಇದೆ. ಸಂಬಳದ ಚೀಟಿಯಲ್ಲಿ ತಿಂಗಳು ತಿಂಗಳು ಕಟ್ಟಿಯೂ ಕಾರ್ಡು ಮಾಡಿಸಿಕೊಳ್ಳದೆ ಇರುವವರು ಇದ್ದಾರೆ.

ಬಾಡಿಗೆಯ ಬಗ್ಗೆ ಒಂದು ಮಾತು. ಬಾಡಿಗೆ ಉಳಿಸಲು ಭೋಗ್ಯದ ಮನೆ ನೋಡುವವರು ಸಾಲದ ಬಡ್ಡಿಯನ್ನು ಮೊದಲು ಲೆಕ್ಕ ಹಾಕಿ. 6 ಲಕ್ಷವನ್ನು ವರ್ಷಕ್ಕೆ ಶೇ. 12ರಂತೆ ಸಾಲ ತಂದು ಭೋಗ್ಯಕ್ಕೆ ಕೊಟ್ಟರೆ ತಿಂಗಳಿಗೆ 6,000 ಬಡ್ಡಿಯೇ ಆಯಿತು. ಮನೆಯ ಮೇಲೆ ಬ್ಯಾಂಕ್ ಸಾಲ ಇದೆಯಾ ಅಂತ ತಿಳಿಯಲು ಸಬ್ ರಿಜಿಸ್ಟ್ರಾರ್ ಕಚೇರಿಯಿಂದ ಇ.ಸಿ. (ಋಣಭಾರ ಪ್ರಮಾಣಪತ್ರ) ತೆಗೆಸಿ. ಕರಾರನ್ನು ನೋಂದಣಿ ಮಾಡಿಸಿ. ಸ್ಟಾಂಪ್ ಪೇಪರಿನ ಮೇಲೆ ಸಹಿ ಹಾಕಿಸಿಕೊಂಡು ಲಕ್ಷಗಟ್ಟಲೆ ಕೊಡಬೇಡಿ.

ಹಂತ 7: ಸಂಬಳ ಬಂದ ದಿನವೇ ದುಡ್ಡನ್ನು ಬೇರೆ ಮಾಡಿ

ಈಗ ಉದಾಹರಣೆಯ ಮನೆಯ ಲೆಕ್ಕ ಮತ್ತೆ ನೋಡೋಣ. ಹೊರಗಿನ ತಿಂಡಿಯಲ್ಲಿ 1,800, ದಿನಸಿಯಲ್ಲಿ 900, ಮೊಬೈಲಿನಲ್ಲಿ 700, ಪೆಟ್ರೋಲಿನಲ್ಲಿ 700, ತರಕಾರಿಯಲ್ಲಿ 500, ಗ್ಯಾಸ್ ಕರೆಂಟಿನಲ್ಲಿ 300, ಇತರೆಯಲ್ಲಿ 200. ಒಟ್ಟು 5,100 ಇಳಿದು ತಿಂಗಳ ಖರ್ಚು 37,400 ಆಯಿತು. ಹಬ್ಬದ ಬಟ್ಟೆ ಮತ್ತು ಸಾಮಾನಿನಲ್ಲಿ ವರ್ಷಕ್ಕೆ 7,200 ಕಡಿಮೆ ಮಾಡಿದ್ದರಿಂದ ವರ್ಷದ ಖರ್ಚಿಗೆ ತಿಂಗಳಿಗೆ 7,000 ಬದಲು 6,400 ಸಾಕು. ಎರಡನ್ನೂ 45,000ದಲ್ಲಿ ಕಳೆದರೆ ಉಳಿಯುವುದು 1,200.

ಇಷ್ಟೆಲ್ಲ ಮಾಡಿ 1,200 ಮಾತ್ರವಾ ಅನಿಸಬಹುದು. ಆದರೆ ಇದು ಜೂನ್‌ನಲ್ಲಿ ವಾಪಸ್ ಹೋಗದ 1,200. ತಿಂಗಳಿಗೆ 4,500 ಸಾಲದೆ ಬರುತ್ತಿದ್ದ ಮನೆ ಈಗ ಸರಿದೂಗಿದೆ. ಐದು ತಿಂಗಳಿಗೆ ಫೋನಿನ ಕಂತು ಮುಗಿದರೆ ಇದೇ 3,000 ಆಗುತ್ತದೆ.

ಸಂಬಳ ಬಂದ ದಿನ ಮಾಡಬೇಕಾದದ್ದು ಈ ಕ್ರಮದಲ್ಲಿ. ವರ್ಷದ ಖರ್ಚಿನ 6,400 ಮತ್ತು ಉಳಿತಾಯದ 1,200 ಮೊದಲು ಎರಡನೇ ಖಾತೆಗೆ. ಬ್ಯಾಂಕಿನಲ್ಲಿ ಹೇಳಿದರೆ ಪ್ರತಿ ತಿಂಗಳು ಅದೇ ತಾರೀಕು ತಾನಾಗಿ ಹೋಗುವ ಹಾಗೆ ಮಾಡಿಕೊಡುತ್ತಾರೆ. ಆಮೇಲೆ ಬಾಡಿಗೆ, ಕಂತು, ಊರಿಗೆ ಕಳಿಸುವುದು, ದಿನಸಿ, ಹಾಲು. ತರಕಾರಿ, ಮಾಂಸ, ಹೊರಗಿನ ತಿಂಡಿಗೆ ಒಟ್ಟು 5,400 ಇದೆ. ಅದನ್ನು ನಗದಾಗಿ ತೆಗೆದು, ವಾರಕ್ಕೆ ಸುಮಾರು 1,200ರಂತೆ ಬೇರೆ ಬೇರೆ ಕವರಿನಲ್ಲಿಡಿ. ಯುಪಿಐನಲ್ಲಿ ಕೊಟ್ಟಾಗ ದುಡ್ಡು ಹೋದದ್ದು ಕೈಗೆ ಗೊತ್ತಾಗುವುದಿಲ್ಲ. ಕವರ್ ತೆಳ್ಳಗಾದರೆ ಗೊತ್ತಾಗುತ್ತದೆ.

ಗೃಹಲಕ್ಷ್ಮಿಯ 2,000 ಬರುತ್ತಿದ್ದರೆ ಅದನ್ನು ತಿಂಗಳ ಲೆಕ್ಕಕ್ಕೆ ಸೇರಿಸಬೇಡಿ. ಕೆಲವು ಸಲ ತಡವಾಗಿ, ಒಟ್ಟಿಗೆ ಬರುತ್ತದೆ. ಬಂದಾಗ ಆಕೆಯ ಹೆಸರಿನಲ್ಲೇ ಉಳಿತಾಯಕ್ಕೆ ಹೋಗಲಿ. ಓವರ್‌ಟೈಮ್, ಬೋನಸ್ಸಿಗೂ ಇದೇ ನಿಯಮ.

ಅಪಾಯದ ಸೂಚನೆ: ಎರಡನೇ ಖಾತೆಯಿಂದ ತಿಂಗಳ ಕೊನೆಗೆ 500, 1,000 ವಾಪಸ್ ಬರುತ್ತಿದ್ದರೆ ನೀವು ತೆಗೆದಿಡುತ್ತಿರುವುದು ಜಾಸ್ತಿಯಾಯಿತು. 1,200ರ ಬದಲು 700 ತೆಗೆದಿಡಿ, ಆದರೆ ಅದನ್ನು ಮುಟ್ಟಬೇಡಿ. ಪ್ರತಿ ತಿಂಗಳು ವಾಪಸ್ ತೆಗೆಯುವ ಅಭ್ಯಾಸ ಆದರೆ ಎರಡನೇ ಖಾತೆ ಇದ್ದೂ ಇಲ್ಲದ ಹಾಗೆ.

ಹಂತ 8: ಉಳಿದ ದುಡ್ಡನ್ನು ಸರಿಯಾದ ಜಾಗದಲ್ಲಿಡಿ

ಯಾವಾಗ ಬೇಕಾಗುತ್ತದೆ ಅನ್ನುವುದರ ಮೇಲೆ ಜಾಗ ನಿರ್ಧಾರವಾಗಬೇಕು. ಬಡ್ಡಿ ಎಷ್ಟು ಅನ್ನುವುದು ಆಮೇಲಿನ ಮಾತು.

ಮೊದಲು ಆಪತ್ತಿನ ದುಡ್ಡು. ಬಾಡಿಗೆ, ದಿನಸಿ, ಹಾಲು ಸೇರಿ ಒಂದು ತಿಂಗಳ ಖರ್ಚು, ಉದಾಹರಣೆಯ ಮನೆಗೆ ಸುಮಾರು 18,000, ಎರಡನೇ ಖಾತೆಯಲ್ಲಿ ಸುಮ್ನೆ ಇರಲಿ. ಅದು ಆದಮೇಲೆ ನಿಧಾನಕ್ಕೆ ಮೂರು ತಿಂಗಳ ಖರ್ಚಿನವರೆಗೆ ಬೆಳೆಸಿ. ಇದು ಸೇರುವ ತನಕ ಬೇರೆ ಯಾವ ಸ್ಕೀಮೂ ಬೇಡ.

ಫೀಸಿನ 3,000ಕ್ಕೆ ಬ್ಯಾಂಕಿನಲ್ಲಿ ಆರ್‌ಡಿ ತೆರೆಯಿರಿ. ಫೀಸು ಕಟ್ಟುವ ತಿಂಗಳಿಗೆ ಮುಗಿಯುವ ಹಾಗೆ ಅವಧಿ ಹಾಕಿಸಿ. ಇಲ್ಲಿ ಬಹಳ ಜನ ಪೋಸ್ಟ್ ಆಫೀಸಿನ ಆರ್‌ಡಿಗೆ ಹೋಗಿ ಸಿಕ್ಕಿಕೊಳ್ಳುತ್ತಾರೆ. ಅದು ಐದು ವರ್ಷದ್ದು. ಮೂರು ವರ್ಷ ಆಗುವ ತನಕ ಮುಚ್ಚಲು ಬಿಡುವುದಿಲ್ಲ, ಆಮೇಲೆ ಮುಚ್ಚಿದರೂ ಉಳಿತಾಯ ಖಾತೆಯ ಬಡ್ಡಿ ಮಾತ್ರ ಸಿಗುತ್ತದೆ. ಅದು ಒಳ್ಳೆಯ ಜಾಗವೇ, ತಿಂಗಳಿಗೆ 100 ರೂ. ಇಂದ ಶುರು ಮಾಡಬಹುದು, ಆದರೆ ಮುಂದಿನ ಜೂನ್‌ನ ಫೀಸಿಗೆ ಅಲ್ಲ.

ಹೆಣ್ಣು ಮಗು ಇದ್ದು ಹತ್ತು ವರ್ಷದ ಒಳಗಿದ್ದರೆ ಸುಕನ್ಯಾ ಸಮೃದ್ಧಿ ಖಾತೆ ಮಾಡಿಸಿ. ವರ್ಷಕ್ಕೆ 250 ಕಟ್ಟಿದರೂ ಖಾತೆ ಜೀವಂತ ಇರುತ್ತದೆ. 2024ರ ಜನವರಿಯಲ್ಲಿ ಅದರ ಬಡ್ಡಿ ಶೇ. 8.2 ಆಯಿತು. ಸರ್ಕಾರ ಮೂರು ತಿಂಗಳಿಗೊಮ್ಮೆ ದರ ಪರಿಶೀಲಿಸುವುದರಿಂದ ಪೋಸ್ಟ್ ಆಫೀಸಿನಲ್ಲಿ ಕೇಳಿಕೊಂಡು ಕಟ್ಟಿ. ಮಗುವಿಗೆ 18 ತುಂಬುವ ತನಕ, ಇಲ್ಲವೇ ಹತ್ತನೇ ಕ್ಲಾಸು ಮುಗಿಯುವ ತನಕ ಆ ದುಡ್ಡು ಕೈಗೆ ಬರುವುದಿಲ್ಲ ಅನ್ನುವುದು ನೆನಪಿರಲಿ. ಆಪತ್ತಿನ ದುಡ್ಡು ಸೇರುವ ಮುಂಚೆ ಇಲ್ಲಿ ದೊಡ್ಡ ಮೊತ್ತ ಹಾಕಬೇಡಿ.

ಚೀಟಿ ಹಾಕುವವರು ನೋಂದಣಿ ಆಗಿರುವ ಕಡೆ ಮಾತ್ರ ಹಾಕಿ. ರಾಜ್ಯ ಸರ್ಕಾರದ ಎಂಎಸ್‌ಐಎಲ್ ಕೂಡ ಚೀಟಿ ನಡೆಸುತ್ತದೆ. ಬೀದಿಯವರೇ, ನೆಂಟರೇ, ನಂಬಿಕಸ್ಥರೇ ಆಗಿರಬಹುದು, ಆದರೆ ಕಾಗದ ಇಲ್ಲದ ಚೀಟಿ ಮುರಿದು ಬಿದ್ದ ದಿನ ಕೇಳಲು ಜಾಗ ಇರುವುದಿಲ್ಲ. ಬ್ಯಾಂಕಿನಲ್ಲಿಟ್ಟ ದುಡ್ಡಿಗೆ ಒಬ್ಬರಿಗೆ ಒಂದು ಬ್ಯಾಂಕಿನಲ್ಲಿ 5 ಲಕ್ಷದವರೆಗೆ ವಿಮೆ ಇದೆ. ತಿಂಗಳಿಗೆ ನೂರಕ್ಕೆ ಐದು ಕೊಡುತ್ತೇವೆ ಅನ್ನುವವರ ಹತ್ತಿರ ಅಂಥದ್ದೇನೂ ಇರುವುದಿಲ್ಲ.

ಹಂತ 9: ತಿಂಗಳಿಗೊಮ್ಮೆ ಇಬ್ಬರೂ ಕೂತು ನೋಡಿ

ಸಂಬಳ ಬರುವ ಹಿಂದಿನ ಭಾನುವಾರ ಅರ್ಧ ಗಂಟೆ ಇಡಿ. ಪುಸ್ತಕ ಓದುವಾಗ "ನೀನು ಖರ್ಚು ಮಾಡಿದ್ದು" ಅನ್ನುವ ಮಾತು ಬೇಡ. ಮೂರು ವಿಷಯ ನೋಡಿದರೆ ಸಾಕು: ಯಾವ ಸಾಲು ದಾಟಿತು, ಮುಂದಿನ ತಿಂಗಳು ವರ್ಷದ ಪುಟದಿಂದ ಏನು ಬರುತ್ತಿದೆ, ಎರಡನೇ ಖಾತೆಯಲ್ಲಿ ಎಷ್ಟಿದೆ.

ಇಬ್ಬರಿಗೂ ಲೆಕ್ಕ ಕೇಳದ ಕೈಖರ್ಚು ಇರಲಿ, 300 ಆದರೂ ಸರಿ. ಉದಾಹರಣೆಯ ಮನೆಯಲ್ಲಿ ಇದು "ಇತರೆ" ಸಾಲಿನೊಳಗಿದೆ. ಪ್ರತಿ ಟೀಗೂ ಲೆಕ್ಕ ಕೊಡಬೇಕಾದ ಮನೆಯಲ್ಲಿ ಖರ್ಚು ಮುಚ್ಚಿಡುವುದು ಶುರುವಾಗುತ್ತದೆ.

ಅಪ್ಪ ಅಮ್ಮನಿಗೆ ಕಳಿಸುವ 3,000ವನ್ನು ಉದಾಹರಣೆಯಲ್ಲಿ ಮುಟ್ಟಿಲ್ಲ. ನಿಮ್ಮ ಮನೆಯಲ್ಲಿ ಅದನ್ನು ಕಡಿಮೆ ಮಾಡಲೇಬೇಕಾದರೆ ದುಡ್ಡು ಕಡಿಮೆ ಕಳಿಸಿ ಸುಮ್ಮನಾಗಬೇಡಿ. ಊರಿಗೆ ಹೋದಾಗ ಪುಸ್ತಕ ತೋರಿಸಿ ಮಾತಾಡಿ, ಎಷ್ಟು ತಿಂಗಳವರೆಗೆ ಅಂತಲೂ ಹೇಳಿ. ಅವರ ಔಷಧಿಗೆ ಎಷ್ಟು ಬೇಕು ಅಂತ ಕೇಳಿಕೊಂಡು, ಅಷ್ಟನ್ನು ತಪ್ಪದೆ ಕಳಿಸಿ.

ಮೂರು ತಿಂಗಳು ಬರೆದ ಮೇಲೂ ಲೆಕ್ಕ ಸರಿದೂಗದಿದ್ದರೆ ಕಡಿಮೆ ಮಾಡಲು ಇನ್ನೇನೂ ಉಳಿದಿಲ್ಲ ಅಂತ ಅರ್ಥ. ಆಗ ಮತ್ತೆ ಅಡುಗೆಮನೆಗೆ ಹೋಗಬೇಡಿ. ಬಾಡಿಗೆ ಮತ್ತು ಕಂತು ಸೇರಿ ಸಂಬಳದ ಅರ್ಧ ದಾಟಿದೆಯಾ ನೋಡಿ. ದಾಟಿದ್ದರೆ ಕರಾರಿನ ಹನ್ನೊಂದು ತಿಂಗಳು ಮುಗಿಯುವ ಮುಂಚೆಯೇ ಚಿಕ್ಕ ಮನೆ ಹುಡುಕಲು ಶುರು ಮಾಡಿ. ಸಾಗಿಸುವ ಖರ್ಚು ಮತ್ತು ಹೊಸ ಅಡ್ವಾನ್ಸ್ ಎರಡನ್ನೂ ವರ್ಷದ ಪುಟದಲ್ಲಿ ಮೊದಲೇ ಬರೆದುಕೊಳ್ಳಿ.